ಲಾರಿಯ ಹೊಟ್ಟೆಯೊಳಗಿನ ಒಲೆ

ನನ್ನ ಮೊಮ್ಮಗಳು ಹುಟ್ಟಿದ ಕಥೆ ಹೇಳು ಎಂದರೆ ನಾನು ಆಸ್ಪತ್ರೆಯಿಂದ ಶುರು ಮಾಡುವುದಿಲ್ಲ, ಲಾರಿಯಿಂದ ಶುರು ಮಾಡುತ್ತೇನೆ. ಕೇಳುವವರು ನಗುತ್ತಾರೆ. ನಗಲಿ. ಅವಳ ಮುಖ ನೆನೆದರೆ ಇವತ್ತಿಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮೂರನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು ಈಗ ಕನ್ನಡಕ ಏರಿಸಿಕೊಂಡು ಬರೆಯಲು ಕುಳಿತಿದ್ದೇನೆ ಎಂದರೆ ಅದೂ ಅವಳ ಪ್ರತಾಪವೇ. ಆದರೆ ಅವಳು ಹುಟ್ಟುವ ದಿನ ನಾನು ಪಟ್ಟ ಸಂಕಟ ವೈರಿಗೂ ಬೇಡ.

ನಮ್ಮದು ಹುಬ್ಬಳ್ಳಿ. ನಮ್ಮ ಮನೆಯವರದು ಲಾರಿ ರಿಪೇರಿ ಗ್ಯಾರೇಜು. ಮಗಳು ಗೊಂಬೆ ಹಿಡಿದದ್ದಕ್ಕಿಂತ ನಟ್ಟು ತಿರುವುವ ಪಾನಾ ಹಿಡಿದದ್ದೇ ಹೆಚ್ಚು. ಅವಳನ್ನು ಕೊಟ್ಟದ್ದೂ ಲಾರಿಯವರ ಮನೆಗೇ. ಅಳಿಯಂದಿರು ಟೆಕ್ಸಾಸಿನಲ್ಲಿ ಸ್ವಂತದ್ದೊಂದು ಲಾರಿ ಇಟ್ಟುಕೊಂಡು ತಾವೇ ಓಡಿಸುತ್ತಿದ್ದರು. ಹ್ಯೂಸ್ಟನ್ನಿನ ಬಂದರಿನಲ್ಲಿ ನೆಲಕ್ಕೆ ಹಾಸುವ ಟೈಲ್ಸ್ ತುಂಬಿಕೊಂಡು ಒಮ್ಮೆ ಆಸ್ಟಿನ್ನಿಗೆ, ಒಮ್ಮೆ ಡಲ್ಲಸ್ಸಿಗೆ ಹೊಡೆಯುವ ಕೆಲಸ. ಮನೆ ಇದ್ದದ್ದು ಯೂಲೆಸ್ಸಿನಲ್ಲಿ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೇನೋ ಎಂಬಂತೆ ಹಾದುಹೋಗುತ್ತಿದ್ದವು, ಮೊದಲ ವಾರ ನಾನು ಪ್ರತಿ ವಿಮಾನಕ್ಕೂ ತಲೆ ಬಗ್ಗಿಸಿದ್ದೇನೆ. ಬಾಣಂತನ ಮಾಡಲೆಂದು ಹೋದವಳು ದಸರೆಗೆ ಮೊದಲೇ ಹೋಗಿ ಇಳಿದಿದ್ದೆ.

ಆ ವರ್ಷ ಅಳಿಯಂದಿರು ಉತ್ತರದ ಕಡೆಗೂ ಲೋಡು ಒಪ್ಪಿಕೊಂಡಿದ್ದರು, ಅಮರಿಲ್ಲೊ ದಾಟಿ ಆಚೆಗೆ. ಅಲ್ಲಿ ಚಳಿಗಾಲದಲ್ಲಿ ರಾತ್ರಿ ಇಂಜಿನ್ ಬಂದ್ ಮಾಡಿದರೆ ಬೆಳಿಗ್ಗೆ ಅದು ಕಲ್ಲಾಗಿರುತ್ತದಂತೆ, ಚಾಲು ಆಗುವುದಿಲ್ಲವಂತೆ. ರಾತ್ರಿಯಿಡೀ ಚಾಲು ಇಟ್ಟರೆ ಡೀಸೆಲ್ ಸುರಿದುಹೋಗುತ್ತದೆ. ಅದಕ್ಕೆಂದೇ ಒಂದು ಹೀಟರು ತಂದರು. ಅದೇನೆಂದು ನನಗೆ ತಿಳಿಯುವ ಹಾಗೆ ಮಗಳು ಹೇಳಿದಳು: "ಅವ್ವಾ, ನಮ್ಮ ಬಚ್ಚಲದ ಹಂಡೆ ಇಲ್ಲೇನು, ಅದರಂಗ ತಿಳಕೊ. ಕಟಗಿ ಬದಲಿಗೆ ಡೀಸೆಲ್. ನೀರು ಕಾಯ್ತೈತಿ, ಕಾದ ನೀರು ಇಂಜಿನ್ ಸುತ್ತ ಓಡಾಡ್ತೈತಿ, ಇಂಜಿನ್ ಬೆಚ್ಚಗಿರ್ತೈತಿ. ಒಳಗ ಮಲಕ್ಕೊಂಡವರೂ ಬೆಚ್ಚಗಿರ್ತಾರ." ಅಷ್ಟು ಸಾಕಾಯಿತು. ಲಾರಿಯ ಹೊಟ್ಟೆಯೊಳಗೊಂದು ಒಲೆ ಎಂದುಕೊಂಡೆ.

ಹೀಟರು ಜೋಡಿಸಿದ್ದು ಅವರೇ ಇಬ್ಬರೂ, ಲಾರಿ ನಿಲ್ಲಿಸುವ ಅಂಗಳದಲ್ಲಿ. ಅಳಿಯಂದಿರು ಲಾರಿಯ ಕೆಳಗೆ ಮಲಗಿದ್ದರು, ಮಗಳು ಕುರ್ಚಿ ಹಾಕಿಕೊಂಡು ಹೀಟರಿನ ಪುಸ್ತಕವನ್ನು ಬಸಿರ ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಓದಿ ಹೇಳುತ್ತಿದ್ದಳು.

"ಡೀಸೆಲ್ ಪಂಪಿನ ಮೂತಿ ಸ್ವಲ್ಪ ಮ್ಯಾಲೆ ಇರಬೇಕಂತ. ನೀವು ಅಡ್ಡ ಮಲಗಿಸೀರಿ."

"ನಾನೇ ಅಡ್ಡ ಮಲಗೇನಿ, ಅದೂ ಮಲಗಲಿ ತಗೋ."

"ನೀವು ಮಲಗಿದ್ರ ನಡೀತೈತಿ, ಅದು ಮಲಗಿದ್ರ ಗಾಳಿ ತುಂಬಿಕೊಂತೈತಿ. ಎಬ್ಬಸ್ರಿ ಅದನ್ನ."

ಮೊದಲ ಸಲ ಚಾಲು ಮಾಡಿದಾಗ ಅದು ಬುಸುಗುಟ್ಟಿ ನಿಂತೇಬಿಟ್ಟಿತು, ಕೆಂಪು ದೀಪ ಕಣ್ಣು ಮಿಟುಕಿಸಿತು. ನೀರಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದಳು ಮಗಳು. ಅಳಿಯಂದಿರು ರಬ್ಬರ್ ಪೈಪನ್ನು ಎಮ್ಮೆಯ ಮೊಲೆಯ ಹಾಗೆ ಹಿಂಡಿ ಹಿಂಡಿ ಗಾಳಿ ಹೊರಗೆ ತಳ್ಳಿದರು. ಆಮೇಲೆ ಹೀಟರು ಹಿಡಿಯಿತು. ಪಂಪು ಟಿಕ್ ಟಿಕ್ ಎಂದಿತು, ಒಳಗೆ ಬೆಂಕಿ ಬುಸ್ಸ್ ಎಂದು ಹೊತ್ತಿತು. ಪೈಪು ಮುಟ್ಟಿ ನೋಡಿದೆ, ಬಾಣಂತಿಯ ಸ್ನಾನದ ನೀರಿನಷ್ಟು ಬಿಸಿ. ಒಲೆಗೆ ಗಾಳಿ ಎಳೆದುಕೊಳ್ಳಲು ಕರಿಯ ಪೈಪೊಂದು ಹತ್ತುವ ಮೆಟ್ಟಿಲ ಹಿಂದೆ ಬಾಯಿ ತೆರೆದುಕೊಂಡಿತ್ತು, ಹೊಗೆ ಹೋಗಲು ಇನ್ನೊಂದು ಪೈಪು ಆಚೆ ಕಡೆ ಇತ್ತು.

ಕೆಲವೇ ದಿನಕ್ಕೆ ಆಯುಧ ಪೂಜೆ ಬಂತು. ಲಾರಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟೆವು. ನಮ್ಮಲ್ಲಿ ಊದಿನಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚಿ ಇಡುವುದಲ್ಲವೇ? ಆದರೆ ಟೆಕ್ಸಾಸಿನ ಆ ಗಾಳಿ ಬಾನೆಟ್ಟಿನ ಮೇಲೆ ಏನನ್ನೂ ನಿಲ್ಲಗೊಡಲಿಲ್ಲ. ಹಣ್ಣು ಉರುಳುತ್ತಿತ್ತು, ಕಡ್ಡಿ ಆರುತ್ತಿತ್ತು. ಅಳಿಯಂದಿರು ಸುತ್ತಮುತ್ತ ನೋಡಿ, ಮೆಟ್ಟಿಲ ಹಿಂದೆ ಮರೆಯಲ್ಲಿದ್ದ ಆ ಕರಿಯ ಪೈಪಿನ ಬಾಯಿಗೆ ಅರ್ಧ ಬಾಳೆಹಣ್ಣು ಗಟ್ಟಿಯಾಗಿ ಒತ್ತಿ ಅದಕ್ಕೆ ಕಡ್ಡಿ ಚುಚ್ಚಿದರು. ಆ ಬಾಯಿ ಹಣ್ಣಿಗೆಂದೇ ಹೇಳಿ ಮಾಡಿಸಿದಂತಿತ್ತು. ಕಡ್ಡಿ ಕೊನೆಯವರೆಗೂ ಉರಿಯಿತು. ಶಾಭಾಸ್ ಎಂದೆವು ಎಲ್ಲರೂ, ಕಾಯಿ ಒಡೆದು ಪಾಯಸ ತಿಂದೆವು. ಹಣ್ಣಿನ ನೆನಪು ಯಾರಿಗಿದ್ದೀತು? ಆಗ ಅಲ್ಲಿ ನಮ್ಮ ಬೇಸಿಗೆಯಷ್ಟೇ ಸೆಕೆ. ಲಾರಿ ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ಓಡಾಡಿಕೊಂಡಿತ್ತು, ಒಲೆ ಹೊತ್ತಿಸುವ ಪ್ರಸಂಗವೇ ಬರಲಿಲ್ಲ.

ಚಳಿಗಾಲ ಶುರುವಾಯಿತು. ಹೆರಿಗೆಗೆ ಇನ್ನೂ ದಿನವಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅಳಿಯಂದಿರು ಉತ್ತರಕ್ಕೆ ಹೊರಟದ್ದು. ಹೋಗುವಾಗ ಹೆಂಡತಿಗೆ, "ನಾ ಬರೂ ತನಕ ಹಡೀಬ್ಯಾಡ ಮತ್ತ" ಎಂದರು. ಅವಳು, "ನನ್ನ ಕೈಯಾಗ ಐತೇನು? ನೀವ ಜಲ್ದಿ ಬರ್ರಿ" ಎಂದಳು.

ಒಂದು ಬೆಳಿಗ್ಗೆ ಫೋನು ಬಂತು. ಅಮರಿಲ್ಲೊ ಆಚೆ ಹಿಮ ಬಿದ್ದು ರಸ್ತೆ ಬಂದ್ ಆಗಿ ಅಳಿಯಂದಿರು ರಸ್ತೆ ಬದಿಯ ಒಂದು ತಂಗುದಾಣದಲ್ಲಿ ರಾತ್ರಿ ಕಳೆದಿದ್ದರು. ಹೊಸ ಹೀಟರಿನ ಮೇಲೆ ಭರವಸೆಯಿಟ್ಟು ಇಂಜಿನ್ ಬಂದ್ ಮಾಡಿ ಮಲಗಿದ್ದರು. ಹೀಟರು ಹೊತ್ತಿರಲಿಲ್ಲ. ಇಂಜಿನ್ ಕಲ್ಲಾಗಿತ್ತು. ಸುತ್ತ ಮನುಷ್ಯರ ಸುಳಿವಿಲ್ಲ, ರಿಪೇರಿಯವನು ರಸ್ತೆ ತೆರೆಯುವ ತನಕ ಬರುವುದಿಲ್ಲ ಎಂದಿದ್ದನಂತೆ. ಅವರ ಹಲ್ಲು ಕಟಕಟ ಎನ್ನುವುದು ಫೋನಿನಲ್ಲಿ ನನಗೇ ಕೇಳಿಸಿತು.

ಮಗಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಅಂದು ನಸುಕಿನಿಂದಲೇ ಸೊಂಟ ಹಿಡಿದಿತ್ತು. ಬಾಯಿ ಬಿಟ್ಟಿರಲಿಲ್ಲ, ಆದರೆ ಹಡೆದವಳಿಗೆ ಅದನ್ನು ಹೇಳಬೇಕೇ? ಫೋನನ್ನು ಎಲ್ಲರಿಗೂ ಕೇಳಿಸುವ ಹಾಗೆ ಮಾಡಿ ಅವಳು ಗಂಡನಿಗೆ, "ಇನ್ನ ಇಂಜಿನ್ ತಿರುವಬ್ಯಾಡ್ರಿ, ಬ್ಯಾಟರಿ ಕುಂತು ಹೋಗ್ತೈತಿ. ಇದ್ದಷ್ಟು ಕರೆಂಟು ಹೀಟರಿಗೆ ಬೇಕು" ಎಂದಳು. ಆಮೇಲೆ ಒಂದೊಂದೇ ಕೇಳತೊಡಗಿದಳು.

"ಪಂಪು ಟಿಕ್ ಟಿಕ್ ಅಂತೈತೇನು?"

"ಅಂತೈತಿ."

"ಅಂದ್ರ ಡೀಸೆಲ್ ಬರಾಕತ್ತೈತಿ. ಪೈಪ್ ಹಿಂಡಿ ನೋಡಿದ್ರೇನು? ನೀರು ಐತಿಲ್ಲೊ?"

"ಎಲ್ಲಾ ಐತಿ. ಒಂದೀಟು ಬಿಳಿ ಹೊಗಿ ಬರ್ತೈತಿ, ಆಮೇಲೆ ಬಂದ್ ಆಗ್ತೈತಿ. ಈಗಂತೂ ಅದೂ ಇಲ್ಲ, ಲೈಟ್ ಅಷ್ಟ ಮಿಣಕತೈತಿ."

ಮೇಲಿಂದ ಮೇಲೆ ಹೊತ್ತದೆ ಹೋದರೆ ಅದು ಮುನಿಸಿಕೊಂಡು ತಾನೇ ಬೀಗ ಹಾಕಿಕೊಳ್ಳುತ್ತದಂತೆ, ಫ್ಯೂಜು ಕಿತ್ತು ಮತ್ತೆ ಹಾಕಿದರೇ ಬೀಗ ಬಿಡುವುದಂತೆ. ಅದನ್ನು ಹೇಳುವಾಗಲೇ ಮಗಳಿಗೆ ಒಂದು ನೋವು ಬಂದು ಮಾತು ನಿಂತಿತು. ನಾನು ಬೆನ್ನು ತಿಕ್ಕಿದೆ. ಆ ಕಡೆಯಿಂದ, "ಏನಾತು? ಯಾಕ ಸುಮ್ಮನಾದಿ?" ಎಂದರು ಅಳಿಯಂದಿರು. ಇವಳು ಉಸಿರು ಬಿಟ್ಟು, "ಏನಿಲ್ಲ, ಅವ್ವ ಚಾ ಕೊಟ್ಟಳು" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಮೈಸೂರಿನ ಹೆಂಗಸು ಒಳಗೆ ಬಂದರು. ಮಗಳು ಅವರನ್ನು ಆಂಟಿ ಎನ್ನುತ್ತಿದ್ದಳು. ನೋಡಿದ ಕೂಡಲೇ ಅವರಿಗೆ ತಿಳಿಯಿತು. "ಏನಮ್ಮಾ ನೀನು, ಲಾರಿ ಸ್ಟಾರ್ಟ್ ಆಗೋವರೆಗೂ ಮಗು ಕಾಯತ್ತಾ? ಎದ್ದೇಳು, ಕಾರ್ ತೆಗೆದಿದೀನಿ."

"ಆಂಟಿ, ಅವರ ಫೋನಿನ ಚಾರ್ಜ್ ಮುಗೀತು ಅಂದ್ರ ಆ ಥಂಡಿಯಾಗ ಅವರು ಏನ್ ಮಾಡ್ಬೇಕು? ಇದು ಆದಮೇಲೇ ಬರ್ತೀನಿ."

ಇತ್ತ ಕೂಸು, ಅತ್ತ ಕೂಸಿನ ಅಪ್ಪ. ನಾನು ಯಾರಿಗೆಂದು ಅಳಲಿ? ನನಗೆ ಪಂಪು ಗೊತ್ತಿಲ್ಲ, ಫ್ಯೂಜು ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ. ಮೂಲೆಯ ಕಪಾಟಿನಲ್ಲಿದ್ದ ಮನೆದೇವರ ಮುಂದೆ ಹೋಗಿ, ಕಡ್ಡಿ ಗೀರಿ ಊದಿನಕಡ್ಡಿ ಹಚ್ಚಿದೆ. "ಅವರಿಬ್ಬರನ್ನೂ ಕಾಯಪ್ಪಾ, ನನಗ ಮತ್ತೇನೂ ಬ್ಯಾಡ" ಎಂದೆ. ಹೊಗೆ ಸುರುಳಿಯಾಗಿ ಅಡುಗೆಮನೆ ತುಂಬಿತು.

ಮಗಳು ಥಟ್ಟನೆ ತಲೆಯೆತ್ತಿದಳು. ಮೂಗು ಅರಳಿಸಿದಳು.

"ರೀ, ದಸರಾಕ್ಕ ಊದಿನಕಡ್ಡಿ ಎಲ್ಲೆ ಚುಚ್ಚಿದ್ರಿ?"

"ಈ ಹೊತ್ತಿನ್ಯಾಗ ಅದೇನು ಕೇಳ್ತಿ?"

"ಬಾಳೆಹಣ್ಣು ರೀ! ಬಾಳೆಹಣ್ಣು ಎಲ್ಲೆ ಒತ್ತಿದ್ರಿ? ತಗದಿರೇನು ಅದನ್ನ?"

ಆ ಕಡೆಯಿಂದ, "ಅಯ್ಯೋ ನನ್ನ ಶಿವನೇ" ಎಂಬ ದನಿ.

ಫೋನು ಸೀಟಿನ ಮೇಲಿಟ್ಟು ಕೆಳಗಿಳಿದರೆಂದು ಕಾಣುತ್ತದೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಮಗಳಿಗೆ ಇನ್ನೊಂದು ನೋವು ಬಂದು ಹೋಯಿತು. ಆಂಟಿ ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ಕಾದರು. ಕೊನೆಗೆ ಅಳಿಯಂದಿರು ಏದುಸಿರು ಬಿಡುತ್ತ ಮತ್ತೆ ಫೋನಿಗೆ ಬಂದರು. ಹಣ್ಣು ಒಣಗಿ, ಮೇಲೆ ರಸ್ತೆಯ ರಾಡಿ ಕುಳಿತು, ಅದೂ ಹೆಪ್ಪುಗಟ್ಟಿ ಪೈಪಿನ ಬಾಯಿಗೆ ಡಾಂಬರು ಬಡಿದಂತಾಗಿತ್ತಂತೆ. ಸ್ಕ್ರೂಡ್ರೈವರ್ ಹಾಕಿ ಕೆತ್ತಿ ಕೆತ್ತಿ ತೆಗೆದಿದ್ದರು. ಒಲೆಗೆ ಉಸಿರೇ ಇರಲಿಲ್ಲ, ಪಾಪ, ಅದು ಹೇಗೆ ಹೊತ್ತೀತು!

"ಫ್ಯೂಜ್ ಕಿತ್ತು ಹಾಕ್ರಿ. ಈಗ ಒಮ್ಮೆ ಒತ್ತರಿ. ಬ್ಯಾಟರಿ ಇದೊಂದು ಸಲ ತಡಕೊಂಡ್ರ ಸಾಕು" ಎಂದಳು ಮಗಳು.

ಟಿಕ್ ಟಿಕ್ ಟಿಕ್. ಅಳಿಯಂದಿರು ಫೋನನ್ನೇ ಹೀಟರಿನ ಹತ್ತಿರ ಹಿಡಿದಿದ್ದರು. ನಾವು ಮೂವರು ಹೆಂಗಸರು ಉಸಿರು ಹಿಡಿದು ಕೇಳಿದೆವು. ಆಮೇಲೆ ಬುಸ್ಸ್ ಎಂಬ ಸದ್ದು. ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. "ಹೊತ್ತಿತು, ಹೊತ್ತಿತು! ನೀರು ಕಾದ ಮ್ಯಾಲೆ ಇಂಜಿನ್..." ಎನ್ನುವಷ್ಟರಲ್ಲಿ ಫೋನು ಸತ್ತಿತು.

ಇಂಜಿನ್ ಚಾಲು ಆಯಿತೋ ಇಲ್ಲವೋ, ತಿಳಿಯದೆಯೇ ನಾವು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗಳು ನೋವಿಗೆ ಹಲ್ಲು ಕಚ್ಚುತ್ತಿದ್ದಳು, ನಡುನಡುವೆ, "ನೀರು ಕಾದಿರಬೇಕಲ್ಲವಾ ಅವ್ವಾ ಇಷ್ಟೊತ್ತಿಗೆ?" ಎನ್ನುತ್ತಿದ್ದಳು. "ಕಾದಿರ್ತೈತಿ ಯವ್ವಾ" ಎಂದೆ. ನನಗೇನು ಗೊತ್ತು? ಆ ದಿನವೆಲ್ಲ ಒಂದು ಕಣ್ಣು ಮಗಳ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ. ಸಂಜೆ ಮೊಮ್ಮಗಳು ಹುಟ್ಟಿದಳು. ತಲೆ ತುಂಬ ಕರಿ ಕೂದಲು, ಮುಷ್ಟಿ ಬಿಗಿ ಹಿಡಿದು ಇಡೀ ವಾರ್ಡಿಗೆ ಕೇಳುವ ಹಾಗೆ ಅರಚಿದಳು. ಅವಳನ್ನು ಮಡಿಲಿಗೆ ಕೊಟ್ಟಾಗ ನನ್ನ ಜೀವ ಹಿಗ್ಗಿದ್ದು ಹಿಗ್ಗಿದ್ದೇ. ಮರುಗಳಿಗೆಗೆ, ಇವಳಪ್ಪ ಎಲ್ಲಿದ್ದಾನೆ ಎಂದು ಅದೇ ಜೀವ ಹಿಡಿಯಷ್ಟಾಯಿತು. ಇಬ್ಬರೂ ಕೂಸನ್ನೇ ನೋಡುತ್ತ ಕುಳಿತೆವು.

ಮರುದಿನ ಮಧ್ಯಾಹ್ನ ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬಿಟ್ಟಿತ್ತು, ಮೈಯೆಲ್ಲ ಡೀಸೆಲ್ ವಾಸನೆ. ಇಂಜಿನ್ ಚಾಲು ಆದ ಮೇಲೆ ಫೋನು ಚಾರ್ಜ್ ಮಾಡಿಕೊಂಡು ರಸ್ತೆ ತೆರೆದ ಕೂಡಲೇ ಹೊರಟು, ದಾರಿಯುದ್ದಕ್ಕೂ ಮನೆಗೆ ಫೋನು ಹಚ್ಚಿದ್ದರಂತೆ. ಗಡಿಬಿಡಿಯಲ್ಲಿ ನಾವು ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಹೋಗಿದ್ದೆವು, ಅವರ ನಂಬರೂ ಅದರಲ್ಲೇ ಇತ್ತು. ಖಾಲಿ ಮನೆಯಲ್ಲಿ ಎತ್ತುವವರು ಯಾರು? ನಮ್ಮಂತೆಯೇ ಅವರೂ ದಾರಿಯೆಲ್ಲ ಬೆಂದಿದ್ದರು. ಕೊನೆಗೆ ಮನೆ ಮುಟ್ಟಿ, ಆಂಟಿಯನ್ನು ಕೇಳಿಕೊಂಡು ಓಡಿ ಬಂದಿದ್ದರು.

ನಾನು ಕೂಸನ್ನು ಮುಂದೆ ಹಿಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ್ರಿ ಅತ್ತಿ, ಕೈ ಇನ್ನೂ ಥಣ್ಣಗದಾವು" ಎಂದವರು ಮೂಲೆಯ ತೊಟ್ಟಿಗೆ ಹೋಗಿ, ಸಾಬೂನು ಹಚ್ಚಿ, ಬಿಸಿನೀರಿನ ನಳದ ಕೆಳಗೆ ಎರಡೂ ಕೈ ಹಿಡಿದು ನಿಂತರು. ನೀರು ಹರಿಯುತ್ತಲೇ ಇತ್ತು. ಭುಜ ಅಲುಗುತ್ತಿತ್ತು, ಅಳುತ್ತಿದ್ದಾರೆಂದು ತಿಳಿದೂ ನಾವು ನೋಡದವರಂತೆ ಇದ್ದೆವು.

ಮಂಚದ ಮೇಲಿಂದ ಮಗಳು, "ಆ ಪೈಪಿನ ಬಾಯಿಗೆ ಒಂದು ಜಾಳಿಗಿ ಹಾಕಸ್ರಿ. ಮುಂದಿನ ದಸರಾಕ್ಕ ನಿಮ್ಮ ಮಗಳು ಏನೇನು ತುರುಕತಾಳೋ" ಎಂದಳು.

ಅಳಿಯಂದಿರು ಅಂಗೈಯನ್ನು ಮೊದಲು ತಮ್ಮ ಕೆನ್ನೆಗೆ ಒತ್ತಿಕೊಂಡು ನೋಡಿದರು. ಬಿಸಿ ಸಾಲದು ಎನಿಸಿತೇನೋ, ಮತ್ತೆ ನಳದ ಕೆಳಗೆ ಹಿಡಿದರು. ಆಮೇಲೆ ಒರೆಸಿಕೊಂಡು ಬಂದು ಮಗಳನ್ನು ಎತ್ತಿಕೊಂಡರು. ಕೂಸು ಬೆಚ್ಚಲಿಲ್ಲ, ಕಣ್ಣು ಮುಚ್ಚಿಕೊಂಡೇ ಅವರ ಹೆಬ್ಬೆರಳು ಹಿಡಿಯಿತು.