ಹಬೆಯ ಮೇಲೆ ಹಾಕಿದ ತಪ್ಪು

ಶಿಡ್ಲಘಟ್ಟದಲ್ಲಿ ಯಾರ ಕಣ್ಣು ಕೆಂಪಾದರೂ ಕಾರಣ ಒಂದೇ: ಹಬೆ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಊರಲ್ಲವೇ? ಇಲ್ಲಿ ಸಣ್ಣದೊಂದು ರೀಲಿಂಗ್ ಘಟಕ ನಡೆಸುವ ನಾನು, ಎಡಗಣ್ಣು ಕೆಂಪಾದಾಗ ಅದನ್ನೇ ಹೇಳಿದೆ. ಹೆಂಡತಿ ಕೇಳಿದರೂ ಹಬೆ, ಮೆಡಿಕಲ್ ಸ್ಟೋರಿನವನು ಕೇಳಿದರೂ ಹಬೆ. (ಅವನು ಡ್ರಾಪ್ಸ್ ಕೊಟ್ಟ. ನಾನು ಕಪ್ಪು ಕನ್ನಡಕ ಕೊಂಡೆ. ಅದು ನನಗೆ ಒಪ್ಪುತ್ತಿತ್ತು ಎಂಬುದು ನನ್ನೊಬ್ಬನ ಅಭಿಪ್ರಾಯ.)

ಮೂರನೇ ವಾರ ಬಿಸಿಲು ಕಂಡರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಒಂದು ದಿನ ನೂಲಿನ ಎಳೆ ನೋಡಲು ಬಗ್ಗಿದೆ. ಎಡಗಣ್ಣಿಗೆ ಕಾಣಲಿಲ್ಲ.

ನಮ್ಮಲ್ಲಿ ನೂಲು ಬಿಚ್ಚುವ ನಸೀಮಾ ನನ್ನನ್ನೇ ನೋಡುತ್ತಿದ್ದರು. “ಅಣ್ಣಾ, ಹಬೆಗೆ ನಮ್ಗೆಲ್ಲ ಎರಡೂ ಕಣ್ಣು ಉರೀತವೆ. ನಿಮ್ಗೆ ಹೆಂಗೆ ಒಂದೇ ಕಣ್ಣಿಗೆ ಹೊಡೀತು? ಓನರ್ ಅಂತ ಅರ್ಧ ಮಾಫಿ ಮಾಡ್ತಾ?”

ಎಲ್ಲರೂ ನಕ್ಕರು. ಮರುದಿನ ನಾನು ಚಿಕ್ಕಬಳ್ಳಾಪುರದ ಬಸ್ ಹತ್ತಿದೆ.

ಕಣ್ಣಿನ ಡಾಕ್ಟರು ಬಲಗಣ್ಣು ಮುಚ್ಚಿಸಿ, “ನನ್ನ ಮುಖ ಕಾಣುತ್ತಾ?” ಎಂದರು. ಕೋಟಿನ ಬಿಳುಪು ಕಂಡಿತು. ಮುಖ ಇರಲಿಲ್ಲ.

“ಕಣ್ಣಿನ ಒಳಗೇ ಉರಿಯೂತ ಇದೆ. ಹಿಂದೆ ಟಿಬಿ ಏನಾದ್ರೂ ಆಗಿತ್ತಾ?”

“ಇಲ್ಲ.” ಎಷ್ಟು ಬೇಗ ಹೇಳಿದೆನೆಂದರೆ, ಅವರು ಪೆನ್ನು ಕೆಳಗಿಟ್ಟರು.

“ಸುಳ್ಳು ಹೇಳಿದ್ರೆ ನಂಗೇನೂ ಆಗಲ್ಲ ಸ್ವಾಮಿ. ಕಣ್ಣು ಹೋಗೋದು ನಿಮ್ದು.”

ಆಗಿತ್ತು. ಹೋದ ವರ್ಷ. ಆರು ತಿಂಗಳ ಮಾತ್ರೆಯನ್ನು ನಾಲ್ಕನೇ ತಿಂಗಳಿಗೇ ಬಿಟ್ಟಿದ್ದೆ. ಕೆಮ್ಮು ನಿಂತಿತ್ತಲ್ಲ? ತಿಳಿದರೆ ಕೆಲಸಕ್ಕೆ ಯಾರೂ ಬರುವುದಿಲ್ಲವೆಂದು, ಮಾತ್ರೆಯನ್ನು ಗೂಡಿನ ಚೀಲದ ಹಿಂದೆ ಬಚ್ಚಿಡುತ್ತಿದ್ದೆ. ಕೆಲಸದವರಿಗೂ ಅಂಟಬಹುದು ಎಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಪರೀಕ್ಷೆಗಳಾದವು. ಕಣ್ಣಿನ ಉರಿಯೂತಕ್ಕೂ ಆ ಟಿಬಿಯೇ ಕಾರಣ ಎಂದರು. ಮತ್ತೆ ಮಾತ್ರೆ ಶುರುವಾಗಿದೆ. ಕಣ್ಣಿನ ಮಂಜು ನಿಧಾನವಾಗಿ ಸರಿಯುತ್ತಿದೆ. ಪೂರ್ತಿ ಸರಿಯುವುದೋ ಇಲ್ಲವೋ, ಡಾಕ್ಟರು ಮಾತು ಕೊಟ್ಟಿಲ್ಲ.

ಕಳೆದ ಸೋಮವಾರ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದೆ. ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಯಾರೂ ಎದ್ದು ಹೋಗಲಿಲ್ಲ. ನಸೀಮಾ ಮಾತ್ರ ಬೈದರು. “ಯಾರಾದ್ರೂ ಮಧ್ಯದಲ್ಲಿ ಬಿಡ್ತಾರಾ ಅಣ್ಣಾ? ನಂಗೆ ಟಿಬಿ ಬಂದಾಗ ನಾನು ಆರೂ ತಿಂಗಳು ಮಾತ್ರೆ ನುಂಗಿದ್ದೆ. ಇಲ್ಲೇ, ಈ ನಲ್ಲಿ ನೀರಲ್ಲೇ.”

“ಯಾವಾಗ?”

“ಐದು ವರ್ಷ ಆಯ್ತು. ದಿನಾ ನಿಮ್ಮ ಎದುರಿಗೇ.”

ಐದು ವರ್ಷದ ಹಿಂದೆ ನನ್ನ ಎರಡೂ ಕಣ್ಣು ಚೆನ್ನಾಗಿಯೇ ಇದ್ದವಲ್ಲ?