ತಂತಿಯ ಮೇಲಿನ ಕೊನೆಯ ಚೀಟಿ

ಕಾದಂಬರಿಗೆ ಹೇಗೆ ಯೋಜನೆ ಹಾಕಿಕೊಳ್ಳುತ್ತೀರಿ ಎಂದು ಈಗ ಯಾರಾದರೂ ಕೇಳಿದರೆ ನನಗೆ ಆಕಳಿಕೆ ಬರುತ್ತದೆ. ಐವತ್ತರ ದಶಕದ ಕೊನೆಯಲ್ಲಿ, ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ ನನಗಿದ್ದ ಯೋಜನೆಯೆಂದರೆ ಗೋಡೆಯ ಮೊಳೆಗೆ ನೇತುಹಾಕಿದ ಒಂದು ಕೊಕ್ಕೆ ತಂತಿ. ಆಗ ಎಲ್ಲರ ಮನೆಯಲ್ಲೂ ಅಂಥದ್ದೊಂದು ಇರುತ್ತಿತ್ತು. ಬಂದ ಕಾಗದ, ಕರೆಂಟು ಬಿಲ್ಲು ಎಲ್ಲವನ್ನೂ ಅದಕ್ಕೆ ಚುಚ್ಚಿಡುತ್ತಿದ್ದರು. ನಾನು ಅಧ್ಯಾಯಗಳನ್ನು ಚುಚ್ಚುತ್ತಿದ್ದೆ.

ದಿನವೆಲ್ಲ ಆಫೀಸಿನಲ್ಲಿ ಫೈಲು ನೋಡಿ ಕಣ್ಣುರಿ ಹತ್ತಿಸಿಕೊಂಡು ಬರುತ್ತಿದ್ದೆ. ಕಾಫಿ ಕುಡಿದು, ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಒಂದು ಅಧ್ಯಾಯದಲ್ಲಿ ಏನಾಗಬೇಕೆಂದು ನಾಲ್ಕು ಸಾಲು ಗೀಚಿ ತಂತಿಗೆ ಇಳಿಸಿದರೆ ಆ ದಿನದ ಸಾಹಿತ್ಯ ಸೇವೆ ಮುಗಿಯಿತು. ಈ ಏರ್ಪಾಟಿನ ಪೀಡೆಯೆಂದರೆ ಮೊದಲ ಅಧ್ಯಾಯ ತಳದಲ್ಲಿರುತ್ತಿತ್ತು, ಕೊನೆಯದು ಎಲ್ಲಕ್ಕಿಂತ ಮೇಲೆ. ನಡುವೆ ಹೊಸದೊಂದನ್ನು ಸೇರಿಸಬೇಕೆಂದರೆ ಮೇಲಿನದನ್ನೆಲ್ಲ ತೆಗೆಯಬೇಕು. ಆ ತಾಪತ್ರಯಕ್ಕೆ ಬೇಸತ್ತು ಎಷ್ಟೋ ಒಳ್ಳೆಯ ಯೋಚನೆಗಳನ್ನು ಕೈಬಿಟ್ಟಿದ್ದೇನೆ.

ಆಗ ಬರೆಯುತ್ತಿದ್ದ ಕಥೆ ನನ್ನ ಅಕ್ಕನದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅವಳು ಇಲವಾಲದ ಮನೆ ಬಿಟ್ಟು, ಒಂದು ಬಟ್ಟೆಗಂಟು ಹಿಡಿದು ನನ್ನಲ್ಲಿಗೆ ಬಂದಿದ್ದಳು. ಹೂ ಕಟ್ಟಿ, ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಒಯ್ದು ಮಾರುತ್ತಿದ್ದಳು. ಸಂಜೆ ಹೂ ಕಟ್ಟುತ್ತ ಎಲ್ಲವನ್ನೂ ಹೇಳಿದವಳು ಅವಳೇ, ಬರಿ ಎಂದವಳೂ ಅವಳೇ. ತನ್ನ ಬಾಳು ಪುಸ್ತಕವಾಗಬೇಕು, ಊರಿನಲ್ಲಿ ಯಾರಾದರೂ ಅದನ್ನು ಗಂಡನಿಗೆ ಓದಿ ಹೇಳಬೇಕು ಎಂಬುದೊಂದೇ ಆಸೆ ಅವಳಿಗೆ. ತಾನೂ ಓದಬೇಕೆಂದು ವಯಸ್ಕರ ಶಾಲೆಗೆ ಹೋಗಿ ಅಕ್ಷರ ಕಲಿಯುತ್ತಿದ್ದಳು.

ಒಂದು ಭಾನುವಾರ ನಾನು ಪೇಟೆಯಿಂದ ಬಂದಾಗ ಅಕ್ಕ ಆ ತಂತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಲಿತ ಅಕ್ಷರದಲ್ಲಿ ತನ್ನ ಕಥೆ ಓದಲು ಹೊರಟಿದ್ದಾಳೆ. ಮೇಲಿರುವುದೇ ಮೊದಲನೆಯದು ಎಂದುಕೊಂಡಿದ್ದಾಳೆ. ಅಲ್ಲಿ ನಾನು ಬರೆದಿದ್ದದ್ದು ಇಷ್ಟು: ಅವಳು ಕೆರೆಗೆ ಬೀಳುತ್ತಾಳೆ. ಬೆಳಿಗ್ಗೆ ಹೆಣ ತೇಲುತ್ತದೆ. ಗಂಡ ಅಳುತ್ತಾನೆ.

ಅಕ್ಕ ಕೂಗಾಡಲಿಲ್ಲ.

“ನಾನೆಲ್ಲಿ ಸತ್ತೆ ಕಣೋ? ನಿನ್ನೆದುರ್ಗೇ ಕೂತಿವ್ನಿ,” ಎಂದಳು. “ಆಮೇಲಿಂದು ಬರ್ಯಕ್ಕೆ ಬೇಜಾರಾಗಿ ಸಾಯ್ಸ್ಬುಟ್ಯಾ?”

ಓದುವವರು ಅಳಬೇಕು, ಪ್ರಕಾಶಕರು ಕೇಳುವುದೂ ಅದನ್ನೇ ಎಂದು ಏನೇನೋ ಹೇಳಿದೆ. ಆದರೆ ಅವಳು ಸರಿಯಾಗಿಯೇ ಹಿಡಿದಿದ್ದಳು. ಬದುಕಿರುವ ಹೆಂಗಸಿಗೆ ಮುಂದೇನು ಎಂದು ಯೋಚಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಆ ಚೀಟಿ ಕಿತ್ತುಹಾಕಿ ಇನ್ನೊಂದು ಬರೆದೆ. ಅವಳು ಪಟ್ಟಣಕ್ಕೆ ಬಂದು ಹೂ ಮಾರುತ್ತಾಳೆ, ಸಂಜೆ ಕಾಲು ನೋವೆಂದು ಬಿಸಿನೀರು ಕಾಯಿಸಿಕೊಳ್ಳುತ್ತಾಳೆ. ಅಷ್ಟೇ. ತಿಂಗಳುಗಟ್ಟಲೆ ಕೂತು ಬರೆದು ಮುಗಿಸಿ ಹಸ್ತಪ್ರತಿ ಕೊಟ್ಟರೆ ಪ್ರಕಾಶಕರು ಕೊನೆಯ ಪುಟಗಳನ್ನು ತಿರುವಿ, ಇದು ಕೊನೆಯೇ ಅಲ್ಲ, ಒಂದೋ ಅವಳು ಸಾಯಲಿ, ಇಲ್ಲವೇ ಗಂಡ ಬಂದು ಕರೆದುಕೊಂಡು ಹೋಗಲಿ, ಹಾಗೆ ತಿದ್ದಿದರೆ ಅಚ್ಚು ಹಾಕೋಣ ಎಂದರು. ಹಸ್ತಪ್ರತಿ ವಾಪಸು ಎತ್ತಿಕೊಂಡೆ. ಬಸ್ಸಿಗೂ ಕಾಯದೆ ನಡೆದುಕೊಂಡೇ ಮನೆಗೆ ಬಂದೆ.

ಅಕ್ಕ ಹೂ ಕಟ್ಟುತ್ತಿದ್ದಳು. ಅವರು ಹೇಳಿದ್ದನ್ನೆಲ್ಲ ಹೇಳಿದೆ. ಗಂಡ ಕರೆದುಕೊಂಡು ಹೋಗುತ್ತಾನೆ ಅನ್ನುವ ಮಾತಿಗೆ ಅವಳು ನಕ್ಕುಬಿಟ್ಟಳು. ನನಗೆ ಸಾಕುಸಾಕಾಗಿತ್ತು. ಹಳೆಯ ಚೀಟಿಯ ಹಾಗೆಯೇ ಮಾಡಿಬಿಡಲೇ, ಪುಸ್ತಕವಂತೂ ಬರುತ್ತದೆ, ಊರಿನವರು ಓದುತ್ತಾರೆ ಎಂದೆ. ಅವಳು ಮಾಲೆ ಮುಗಿಸಿ, ದಾರ ಕತ್ತರಿಸಿದಳು.

“ಪುಸ್ತಕ ಬ್ಯಾಡ ಬುಡು,” ಎಂದಳು. “ನಾನು ಸತ್ತೋದೆ ಅಂತ ಅವನ್ಗೆ ಯಾರೂ ಓದಿ ಹೇಳದ್ ಬ್ಯಾಡ.”

ಮಾರನೆಯ ದಿನ ಶುಕ್ರವಾರ. ಮಾಲೆಯನ್ನು ಬುಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದಳು.