ಪೂರಾ ಆರಾಮ್

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷ ನನ್ನ ತಮ್ಮ ಕಮಲಾಪುರದಿಂದ ಕಲಬುರಗಿಗೆ, ನನ್ನ ಗಂಡನ ಮನೆಗೆ, ಓದಲು ಬಂದ. ಓದಲು ಎಂಬುದು ಅಪ್ಪ ಹೇಳಿದ ಮಾತು. ಹುಡುಗ ಬಂದದ್ದು ಫುಟ್‌ಬಾಲ್ ಆಡಲು. ಪುಸ್ತಕದ ಚೀಲ ಒಂದು ಮೂಲೆಗೆ ಬಿದ್ದರೆ ಅವನು ಕಿಲ್ಲೆಯ ಮುಂದಿನ ಬಯಲಿಗೆ ಬಿದ್ದಿರುತ್ತಿದ್ದ. ಸಂಜೆ ಮೈತುಂಬ ಕರಿಮಣ್ಣು ಮೆತ್ತಿಕೊಂಡು ಬರುವವನಿಗೆ, "ಎಮ್ಮಿ ಮೈ ತೊಳದಂಗ ತೊಳೀಬೇಕೇನೋ ನಿನ್ನ?" ಎಂದು ಬೈದು ನೀರು ಕಾಸಿ ಕೊಡುತ್ತಿದ್ದೆ.

ಬೈದರೂ ಒಳಗೊಳಗೆ ಖುಷಿಯೇ. ರಜಾಕಾರರ ಗದ್ದಲದಲ್ಲಿ ನಮ್ಮ ತವರಿನವರು ಊರು ಬಿಟ್ಟು ಸೊಲ್ಲಾಪುರದ ಕಡೆ ಯಾರದೋ ಪಡಸಾಲೆಯಲ್ಲಿ ದಿನ ನೂಕಿದ್ದರು. ಅಲ್ಲಿಂದ ತಿರುಗಿ ಬಂದ ಮೇಲೆ ಈ ಹುಡುಗ ಮಾತು ಕಡಿಮೆ ಮಾಡಿಬಿಟ್ಟಿದ್ದ. ಕೂತರೆ ಕೂತೇ ಇರುತ್ತಿದ್ದ. ಅವ್ವ ಹೋದಾಗ ಅವನಿನ್ನೂ ತೊಟ್ಟಿಲ ಕೂಸು, ಎತ್ತಿ ಬೆಳೆಸಿದವಳು ನಾನು. ಅವನು ಮತ್ತೆ ನಕ್ಕದ್ದು ಕಲಬುರಗಿಯಲ್ಲಿ, ಕಾಲಿಗೆ ಚೆಂಡು ಸಿಕ್ಕ ಮೇಲೆ. ಅಷ್ಟಾದರೆ ಸಾಕಪ್ಪಾ ದೇವರೇ, ಪರೀಕ್ಷೆ ಹಾಳಾಗಿ ಹೋಗಲಿ ಎಂದುಕೊಂಡಿದ್ದೆ.

ಅವನ ಜೀವದ ಗೆಳೆಯ ಪಕ್ಕದ ಮನೆಯ ಖಾಲಾಳ ಮಗ, ಗೋಲು ಕಾಯುವವ. ಖಾಲಾ ಎಂದರೆ ಚಿಕ್ಕಮ್ಮ, ಅವಳು ಇಡೀ ಓಣಿಗೇ ಖಾಲಾ. ಮನೆಯಲ್ಲಿ ಉರ್ದು, ನಮ್ಮ ಜೊತೆ ಅರ್ಧ ಕನ್ನಡ. ಅವರ ಮನೆಯವರು ಹೈದರಾಬಾದಿಗೆ ಹೊರಡುವವರಿದ್ದರು. ಆ ವರ್ಷ ಹಾಗೆ ಗಂಟುಮೂಟೆ ಕಟ್ಟಿದ ಮನೆಗಳು ನಮ್ಮ ಓಣಿಯಲ್ಲಿ ಬೇಕಾದಷ್ಟಿದ್ದವು. ಹೋಗುವ ಮುಂಚೆ ಬೀದರದ ಹುಡುಗರ ಮೇಲೆ ಒಂದು ಮ್ಯಾಚು ಇತ್ತು. ಗೆಳೆಯರಿಬ್ಬರಿಗೂ ಅದರದೇ ಧ್ಯಾನ.

ಮ್ಯಾಚಿಗೆ ಇನ್ನೂ ಸ್ವಲ್ಪ ದಿನ ಇರುವಾಗ ತಮ್ಮ ಆ ಗೆಳೆಯನ ಹೆಗಲ ಮೇಲೆ ಕೈಹಾಕಿಕೊಂಡು ಒಂದೇ ಕಾಲಲ್ಲಿ ಕುಂಟುತ್ತ ಬಂದ. ತಲೆಯಿಂದ ಚೆಂಡು ಹೊಡೆಯಲು ಹಾರಿದವನು ಎಡಗಾಲ ಮೇಲೆ ಇಳಿದಿದ್ದಾನೆ, ಕಾಲು ನೆಲದ ಬಿರುಕಿನಲ್ಲಿ ಸಿಕ್ಕಿದೆ, ಮೈ ಅತ್ತ ತಿರುಗಿದರೆ ಮಂಡಿ ಇತ್ತಲೇ ಉಳಿದಿದೆ. ಅವರ ಡ್ರಿಲ್ ಮಾಸ್ತರರು ಆಟಕ್ಕೆ ಮೊದಲು ಬಯಲು ಸುತ್ತಿಸಿ ಮೈ ಬಿಸಿ ಮಾಡಿಸುವವರು, ಹಾರಿದರೆ ಎರಡೂ ಕಾಲ ಮೇಲೆ ಮಂಡಿ ಮಡಚಿ ಇಳಿಯಿರೋ ಎಂದು ಗಂಟಲು ಹರಿದುಕೊಳ್ಳುವವರು. ಅಂದು ಅವರು ಊರಲ್ಲಿರಲಿಲ್ಲ. ಬೆಕ್ಕಿಲ್ಲದ ಮನೆಯಲ್ಲಿ ಇಲಿಗಳು ಕುಣಿದ ಹಾಗೆ, ಬಯಲಿಗೆ ಹೋದವರೇ ಇವರು ಚೆಂಡಿಗೆ ಕಾಲು ಕೊಟ್ಟಿದ್ದರು.

ಮಂಡಿ ಬದನೆಕಾಯಿಯ ಹಾಗೆ ಉಬ್ಬಿತ್ತು. ನಮ್ಮ ಅತ್ತೆ, "ತಾಲೀಮಿನ ಪೈಲ್ವಾನಗ ಕರಸ್ರಿ, ಎಣ್ಣಿ ಹಚ್ಚಿ ಒಂದು ಸಲ ಜಗ್ಗಿದ್ರ ಲಟಕ್ ಅಂತ ಕೂಡ್ತದ" ಎಂದರು. ನನಗೆ ಮನಸ್ಸು ಬರಲಿಲ್ಲ. ಯಜಮಾನರು ಕಚೇರಿ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿ ಕೂತಿದ್ದರು. ಟಾಂಗಾ ಕರೆಸಿ ಹುಡುಗನನ್ನು ನಾನೇ ಚೌಕದ ಕಡೆಯ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಹೈದರಾಬಾದಿನವರು, ಅವರದು ದೊಡ್ಡ ಮಂದಿಯ ಉರ್ದು. ನನ್ನದು ಬಳೆಗಾರನ ಹತ್ತಿರ ಚೌಕಾಸಿ ಮಾಡುವಷ್ಟು ಉರ್ದು. ಮಂಡಿಯನ್ನು ಒತ್ತಿ, ಮಡಚಿ, ಅಲುಗಿಸಿ ನೋಡಿದರು. ಆಮೇಲೆ ಹುಡುಗನಿಗೆ ಬಹಳ ಹೊತ್ತು ಏನೇನೋ ಹೇಳಿದರು. ಅವನು ಉರ್ದು ಶಾಲೆಯಲ್ಲಿ ಓದಿದವನು, ತಲೆ ಬಗ್ಗಿಸಿಕೊಂಡು "ಜೀ, ಜೀ" ಎಂದ. ನಾನು ಸೆರಗು ಹೊದ್ದು ಹಿಂದೆ ನಿಂತಿದ್ದೆ. ಅಷ್ಟು ದೊಡ್ಡ ಭಾಷಣದಲ್ಲಿ ನನ್ನ ಕಿವಿಗೆ ಸಿಕ್ಕ ಮಾತು ಒಂದೇ. ಡಾಕ್ಟರು ಕೊನೆಗೆ ನನ್ನ ಕಡೆ ತಿರುಗಿ ಒತ್ತಿ ಹೇಳಿದ್ದು, "ಪೂರಾ ಆರಾಮ್. ಸಮ್ಝೇ? ಪೂರಾ ಆರಾಮ್."

ತಿಳಿಯದೆ ಏನು? ನಮ್ಮ ಕಡೆ ಹಾದಿಯಲ್ಲಿ ಸಿಕ್ಕವರು ಮೊದಲು ಕೇಳುವುದೇ "ಆರಾಮ ಅದೀರಿ?" ಎಂದು. ಜ್ವರ ಬಿಟ್ಟರೆ ಆರಾಮ ಆಯ್ತು ಎನ್ನುತ್ತೇವೆ, ಬಾಣಂತಿ ಎದ್ದು ಓಡಾಡಿದರೆ ಆರಾಮ ಆದಳು ಎನ್ನುತ್ತೇವೆ. ಆದರೂ ಟಾಂಗಾದಲ್ಲಿ ಕೂತ ಮೇಲೆ ಕೇಳಿದೆ.

"ಏನಂದ್ರೋ ಡಾಕ್ಟರು?"

"ಪೂರಾ ಆರಾಮ ಅಂದ್ರು. ನೀನೂ ಕೇಳಿದ್ಯಲ್ಲ ಅಕ್ಕಾ?"

ಕೇಳಿದ್ದೆ, ಕಿವಿಯಾರೆ ಕೇಳಿದ್ದೆ. ಶರಣರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆ. ಗೋಧಿ ಹುಗ್ಗಿ ಮಾಡಿ ಮೇಲೆ ತುಪ್ಪ ಸುರಿದೆ. ಅವನು ತಟ್ಟೆ ನೋಡುತ್ತ ಉಂಡ. ನನ್ನ ಮುಖ ನೋಡಲಿಲ್ಲ.

ಬಾವು ಅಷ್ಟಿಷ್ಟು ಇಳಿಯಿತು. ಆದರೆ ಮಾಳಿಗೆಯಿಂದ ಇಳಿಯುವಾಗ ಅವನು ಗೋಡೆ ಹಿಡಿದು, ಎಡಗಾಲನ್ನು ಮೊದಲು ಕೆಳಗಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದುಕೊಳ್ಳುತ್ತಿದ್ದುದನ್ನು ಕಂಡೆ. "ಯಾಕೋ, ನೋಯ್ತದೇನು?" ಎಂದರೆ, "ಏನಿಲ್ಲ ಅಕ್ಕಾ, ಸ್ವಲ್ಪ ಹಿಡದಂಗ ಆಗ್ಯಾದ. ಬಾಕಿ ಆರಾಮ ಅದೀನಿ" ಎಂದು ನಗುವನು. ಡಾಕ್ಟರೇ ಹೇಳಿದ ಮೇಲೆ ನನ್ನದೇನು ಹೆಚ್ಚಿನ ಶಾಣ್ಯಾತನ?

ಮ್ಯಾಚಿನ ದಿನ ಓಣಿಯ ಹೆಂಗಸರೆಲ್ಲ ನಮ್ಮ ಮಾಳಿಗೆ ಹತ್ತಿದ್ದೆವು. ಅಲ್ಲಿಂದ ಬಯಲಿನ ಒಂದು ಭಾಗ ಕಾಣುತ್ತಿತ್ತು. ಖಾಲಾ ನನ್ನ ಪಕ್ಕದಲ್ಲೇ ಇದ್ದಳು. ನನ್ನ ತಮ್ಮ ಮಂಡಿಗೆ ನನ್ನ ಹಳೆಯ ಸೀರೆಯ ಅಂಚು ಬಿಗಿದುಕೊಂಡು ಓಡುತ್ತಿದ್ದ. ಚೆಂಡು ಅವನ ಹತ್ತಿರ ಬಂತು. ಹತ್ತಿರ ಯಾರೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ, ನನ್ನ ಕಣ್ಣಾಣೆ. ಚೆಂಡು ತೆಗೆದುಕೊಂಡು ಸರ್ರನೆ ತಿರುಗಿದ, ಕುಸಿದ. ಅವನ ಕೂಗು ಮಾಳಿಗೆಯವರೆಗೂ ಕೇಳಿತು.

ನಾನು ಮೆಟ್ಟಿಲಿಗೆ ಓಡಿದೆ. ಅತ್ತೆ ಅಡ್ಡ ನಿಂತರು.

"ಎಲ್ಲಿಗಿ ಹೊಂಟಿ? ಅಷ್ಟು ಗಂಡಸರ ನಡಕ ಸೊಸಿ ಹೋಗಿ ನಿಲ್ತಾಳೇನು?"

"ನನ್ನ ಕೂಸು ಬಿದ್ದದರೀ ಅತ್ತೀ!"

"ತರ್ತಾರ, ತಡಿ."

ತಡೆದೆ. ಏನು ಮಾಡಲಿ? ಕಾಲಿದ್ದೂ ಹೋಗಲಾರದೆ ಮಾಳಿಗೆಯ ಅಂಚು ಹಿಡಿದು ನಿಂತೆ. ಅವನನ್ನು ಎಬ್ಬಿಸುವುದು, ಅವನು ಮತ್ತೆ ಕುಸಿಯುವುದು, ಎಲ್ಲ ಕಂಡಿತು. ಖಾಲಾ ನನ್ನ ರಟ್ಟೆ ಹಿಡಿದುಕೊಂಡು "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದಳು. ಹಗ್ಗದ ಹೊರಸಿನ ಮೇಲೆ ಅವನನ್ನು ಹೊತ್ತು ತಂದರು. ಹೊರಸಿನ ಮುಂದಿನ ಕಾಲು ಹಿಡಿದವನು ಅವಳ ಮಗ. ಅಳುತ್ತಿದ್ದ.

ಡಾಕ್ಟರು ಮನೆಗೇ ಬಂದರು. ಮಂಡಿ ನೋಡಿದವರ ಮುಖ ಕೆಂಪಗಾಯಿತು. ಸಿಟ್ಟು ನನ್ನ ಮೇಲೆ ತಿರುಗಿತು.

"ಮೈನೇ ಆರಾಮ್ ಕಹಾ ಥಾ ಕಿ ನಹೀಂ?"

"ಹೌದ್ರೀ, ಆರಾಮ ಅಂದ್ರಿ. ಅದಕ್ಕೇ ಅಲ್ರೀ ಆಡ್ಲಿಕ್ಕಿ ಬಿಟ್ಟಿದ್ದು!" ಎಂದೆ ನಾನೂ ಏರುದನಿಯಲ್ಲಿ.

ಅವರಿಗೆ ನನ್ನ ಮಾತು ತಿಳಿಯಲಿಲ್ಲ. ತಿಳಿದದ್ದು ಖಾಲಾಗೆ. ಅವಳು ಬಾಯಿಗೆ ಓಢಣಿ ಒತ್ತಿಕೊಂಡಳು. "ಹಾಯ್, ಬೇಟಿ! ಡಾಕ್ಟರ್ ಸಾಬ್ ಆರಾಮ್ ಬೋಲೇತೋ ಗುಣ ಆಗ್ಯಾದ ಅಂತ ಅಲ್ರೀ. ಕಾಲ್ ಅಲುಗಿಸದೆ ಸುಮ್ ಮಲಗಬೇಕು ಅಂತ. ಆಟ ಪೂರಾ ಬಂದ್ ಅಂತ."

ನಾನು ತಮ್ಮನ ಕಡೆ ನೋಡಿದೆ. ಅವನು ಗೋಡೆಯ ಕಡೆ ಹೊರಳಿಕೊಂಡ. ಒಂದು ಸುಳ್ಳನ್ನೂ ಹೇಳದೆ ನನಗೆ ಮೋಸ ಮಾಡಿದ್ದ, ಖೋಡಿ.

ಮೊದಲ ಸಲ ಏನೇನು ಮಾಡಬೇಕಿತ್ತು ಎಂದು ಡಾಕ್ಟರು ಆಗ ಒಂದೊಂದಾಗಿ ಹೇಳಿದರು, ಖಾಲಾ ತನ್ನ ಕನ್ನಡದಲ್ಲಿ ನನಗೆ ಮುಟ್ಟಿಸಿದಳು. ತಲೆದಿಂಬಿನ ಮೇಲೆ ಕಾಲು ಎತ್ತರಕ್ಕಿಡಬೇಕು. ತಣ್ಣೀರ ಬಟ್ಟೆ ಹಾಕಬೇಕು. ತಿಕ್ಕಬಾರದು, ಜಗ್ಗಬಾರದು, ನೆಲಕ್ಕೆ ಭಾರ ಬಿಡಬಾರದು. ಬಾವು ಇಳಿದ ಮೇಲೆ ಮಲಗಿದಲ್ಲೇ ಕಾಲು ಎತ್ತಿ ಇಳಿಸಿ ತೊಡೆಗೆ ಬಲ ತುಂಬಿಕೊಳ್ಳಬೇಕು. ಮೆಟ್ಟಿಲು ಇಳಿದರೆ ನೋವಿಲ್ಲ ಎನಿಸಿದ ಮೇಲೆ ಮೆಲ್ಲಗೆ ಓಟ, ಆಟ ಎಲ್ಲಕ್ಕಿಂತ ಕೊನೆಗೆ. ಇಷ್ಟೇ! ನನ್ನ ಮನೆಯಲ್ಲಿ ತಣ್ಣೀರಿಗೆ ಬರವಿತ್ತೇ? ದಿಂಬಿರಲಿಲ್ಲವೇ? ತೊಟ್ಟಿಲಲ್ಲಿ ಮಲಗಿಸಿದವಳು ಹಾಸಿಗೆಯಲ್ಲಿ ಮಲಗಿಸುತ್ತಿರಲಿಲ್ಲವೇ? ಅತ್ತೆ, "ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು" ಎಂದರು. ಅಂದು ಅವರ ಬಾಯಿಗೆ ಕೆಂಡ ಹಾಕಬೇಕೆನಿಸಿತು.

ಈಗ? ಎಂದು ಖಾಲಾಳಿಂದ ಕೇಳಿಸಿದೆ. ಒಳಗೆ ಮಂಡಿಯನ್ನು ಹಿಡಿದಿಡುವ ಕಟ್ಟು ಹರಿದಿದೆ, ನಡೆದಾಡುತ್ತಾನೆ, ತಿರುಗಿದರೆ ಕಾಲು ಜಾರುತ್ತದೆ, ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದರೂ ಇದಕ್ಕೆ ತಮಗೆ ತಿಳಿದಂತೆ ದಾರಿಯಿಲ್ಲ ಎಂದರು. ಇನ್ನು ಆಟದ ಮಾತಿಲ್ಲ. ಅದನ್ನು ಹೇಳುವಾಗ ಖಾಲಾಳ ಕನ್ನಡವೂ ಕೈಕೊಟ್ಟಿತು, ಬರೀ ತಲೆ ಆಡಿಸಿದಳು.

ಅದೇ ವಾರ ಖಾಲಾಳ ಮನೆಗೆ ಬೀಗ ಬಿತ್ತು. ಹೊರಡುವ ಮುಂಚೆ ಅವಳ ಮಗ ತಮ್ಮನ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದ. ತಮ್ಮ ಮತ್ತೆ ಸೊಲ್ಲಾಪುರದಿಂದ ಬಂದಾಗಿನ ಹಾಗೆ ಆದ. ನಾನು ಹಾಸ್ಯ ಮಾಡಿದೆ, ಬೈದೆ, ಕಣ್ಣೀರಿಟ್ಟೆ. ಯಾವುದೂ ಅವನಿಗೆ ತಟ್ಟಲಿಲ್ಲ.

ಕಾಲೂರುವಷ್ಟಾದ ಮೇಲೆ ಅಪ್ಪ ಕರೆದೊಯ್ಯಲು ಬಂದರು. ಬರುವಾಗ ಕಮಲಾಪುರದ ಕೆಂಪು ಬಾಳೆಯ ಒಂದು ಹಣಿಗೆ ತಂದಿದ್ದರು, ಮಗಳ ಮನೆಗೆ ಬರಿಗೈಯಲ್ಲಿ ಬರಬಾರದೆಂದು. ಮಗ ಕೋಲು ಹಿಡಿದು ಎದ್ದದ್ದನ್ನು ನೋಡಿದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ಬಸ್ಸಿನ ಹೊತ್ತಾತು ನಡಿಯಪ್ಪಾ" ಎಂದು ಚೀಲ ಎತ್ತಿಕೊಂಡು ಹೊರಗೆ ಹೋದರು.

ಹೊಸ್ತಿಲಲ್ಲಿ ಅವನ ರಟ್ಟೆ ಹಿಡಿದೆ. ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದು ಒಡೆಯಿತು.

"ಡಾಕ್ಟರು ಅಂದಿದ್ದು ನಿಂಗ ತಿಳದಿತ್ತು. ನಂಗೊಂದು ಮಾತು ಯಾಕ ಹೇಳಲಿಲ್ಲೋ?"

ಅವನು ಕೋಲನ್ನು ಆ ಕೈಯಿಂದ ಈ ಕೈಗೆ ಮಾಡಿದ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ ಅಕ್ಕಾ. ನೀ ಬ್ಯಾಡ ಅಂದಿದ್ರ ನಾ ಆಡ್ತಿರ್ಲಿಲ್ಲ."